ಎಳೆಯುವ ಕೈ

“ಗುರುಗಳೇ, ಮಕ್ಕಳ ಮೇಲೆ ಪ್ರೀತಿ ಇದೆ. ಇಪ್ಪತ್ತೆರಡು ವರ್ಷ ಪಾಠ ಹೇಳಿದ ಅನುಭವ ಇದೆ. ಇಷ್ಟು ಸಾಲದೇ?” ಎಂದು ರುದ್ರಮುನಿ ಕೇಳಿದ.

ಅವನು ಶಾಲಾ ಮಾಸ್ತರ. ಅವನ ತರಗತಿಗೆ ಆಟಿಸಂ ಇರುವ ಒಬ್ಬ ಹುಡುಗಿ ಸೇರಿ ಮೂರು ತಿಂಗಳಾಗಿತ್ತು. ಅವನು ಹತ್ತಿರ ಹೋದರೆ ಅವಳು ಬೆಂಚಿನ ಕೆಳಗೆ ಸೇರುತ್ತಿದ್ದಳು. ಹೀಗೇ ಆದರೆ ಮಗಳನ್ನು ಶಾಲೆ ಬಿಡಿಸುತ್ತೇವೆ ಎಂದು ತಂದೆತಾಯಿ ಹೇಳಿದ್ದರು. ಇಂಥ ಮಕ್ಕಳಿಗೆ ಕಲಿಸುವ ಶಿಕ್ಷಕರಿಗೆ ಹದಿನೈದು ದಿನದ ತರಬೇತಿ ಇದೆ, ಬರುವಿರಾ ಎಂದು ಕಾಗದವೂ ಬಂದಿತ್ತು. ನಾಳೆಯೊಳಗೆ ಒಪ್ಪಿಗೆ ಕಳಿಸಬೇಕು. ಆದರೆ ತನಗಿಂತ ಕಿರಿಯರ ನಡುವೆ ವಿದ್ಯಾರ್ಥಿಯಾಗಿ ಕೂರುವುದೆಂದರೆ ಅವನಿಗೆ ಮುಜುಗರ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಸುತ್ತಲ ಏಳು ಊರಿನ ಹೆಂಗಸರ ಕೈ ಅವನಿಗೆ ಗೊತ್ತು. ದೂರದಿಂದ ಕೈ ನೋಡಿಯೇ ಬಳೆಯ ಅಳತೆ ಹೇಳಿಬಿಡುತ್ತಿದ್ದ. ಹೆಬ್ಬೆರಳಿನ ಗೆಣ್ಣು ಒತ್ತಿ, ಅಂಗೈ ಮಡಿಸಿ, ಏನಾದರೊಂದು ತಮಾಷೆ ಮಾತಾಡಿ ನಗಿಸುವಷ್ಟರಲ್ಲಿ ಬಳೆ ಮುಂಗೈಗೆ ಏರಿರುತ್ತಿತ್ತು. ಕೈ ಎಳೆದುಕೊಳ್ಳುವ ಮಕ್ಕಳು ಅವನಿಗೆ ಹೊಸಬರಲ್ಲ. ಎಳೆದಾಟದಲ್ಲಿ ಗಾಜು ಒಡೆಯುತ್ತದೆ, ಆದ್ದರಿಂದ ಎಳೆಯುವ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕು. ಅದು ಅವನಪ್ಪ ಕಲಿಸಿದ ಪಾಠ. ಮೂವತ್ತು ವರ್ಷ ಅದು ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅವನಿಗೆ ಸ್ವಲ್ಪ ಜಂಭವೂ ಇತ್ತು ಅನ್ನಿ.

ಒಂದು ಮನೆಯಲ್ಲಿ ಮಾತು ಬಾರದ ಹುಡುಗಿಯೊಬ್ಬಳಿದ್ದಳು. ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಯಾರೂ ಮುಟ್ಟುವಂತಿರಲಿಲ್ಲ. ಬಳೆ ಎಂದರೆ ಮಾತ್ರ ಜೀವ. ಬಳೆಗಾರ ತನ್ನ ಮಲಾರದ ಗಂಟು ಬಿಚ್ಚಿ ಬಳೆ ಹರಡಿದರೆ ಕದಲದೆ ಕೂತು ನೋಡುತ್ತಿದ್ದಳು. ಗೌರಿ ಹಬ್ಬ ಬಂತು. ಅಕ್ಕಂದಿರೆಲ್ಲ ಬಳೆ ತೊಟ್ಟರು.

“ಇವಳಿಗೂ ಒಂದೆರಡು ತೊಡಿಸಣ್ಣ, ಎಷ್ಟು ಆಸೆಪಡ್ತಾಳೆ,” ಎಂದಳು ತಾಯಿ.

ಬಳೆಗಾರ ಎಲ್ಲ ಮಕ್ಕಳ ಕೈ ಹಿಡಿದಂತೆಯೇ ಅವಳ ಕೈಯನ್ನೂ ಹಿಡಿದ. ಪ್ರೀತಿಯಿಂದಲೇ ಹಿಡಿದ. ಅವಳು ಕಿರುಚಿದಳು, ಕೈ ಎಳೆದಳು. ಅವನು ಇನ್ನೂ ಬಿಗಿಯಾಗಿ ಹಿಡಿದು ಇನ್ನೂ ಮುದ್ದಾಗಿ ಮಾತಾಡಿಸಿದ. ಬಳೆ ಚೂರಾಗಿ ಮುಂಗೈಗೆ ಚುಚ್ಚಿತು. ರಕ್ತ ಕಂಡು ಬಳೆಗಾರ ಕೈ ಬಿಟ್ಟ.

ಅಂದಿನಿಂದ ಬೀದಿಯಲ್ಲಿ ಅವನ ಕೂಗು ಕೇಳಿದರೆ ಸಾಕು, ಹುಡುಗಿ ಒಳಗಿನ ಕೋಣೆ ಸೇರುತ್ತಿದ್ದಳು. ಅಕ್ಕಂದಿರು ಬಿಚ್ಚಿಟ್ಟ ಬಳೆಗಳನ್ನು ದಿನವೆಲ್ಲ ಜೋಡಿಸುತ್ತಾಳೆ, ತಾನು ಮಾತ್ರ ತೊಡುವುದಿಲ್ಲ ಎಂದು ತಾಯಿ ಹೇಳಿದಳು. ಅದನ್ನು ಕೇಳಿದ ಮೇಲೆ ಬಳೆಗಾರನಿಗೆ ಊಟ ಸೇರಲಿಲ್ಲ. ಒಂದು ಮಗುವಿನ ಇದ್ದೊಂದು ಆಸೆಯನ್ನು ತಾನೇ ಕಿತ್ತುಕೊಂಡೆನಲ್ಲ ಎಂದು ಕೊರಗಿದ.

ದೂರದ ಪೇಟೆಯಲ್ಲಿ ಒಬ್ಬ ಮುದುಕಿ ಇಂಥ ಮಕ್ಕಳಿಗೂ ಬಳೆ ತೊಡಿಸುತ್ತಾಳೆ, ಬಂದವರಿಗೆ ಕಲಿಸಿಯೂ ಕೊಡುತ್ತಾಳೆ ಎಂದು ಯಾರೋ ಹೇಳಿದರು. ಮೂವತ್ತು ವರ್ಷ ಕಸುಬು ಮಾಡಿದವನು ಮತ್ತೆ ಕಲಿಯಲು ಹೋಗುವುದೇ ಎಂದು ಎರಡು ದಿನ ಹಿಂದೆಮುಂದೆ ನೋಡಿದ. ಮೂರನೆಯ ದಿನ ಹೊರಟ.

ಮುದುಕಿಯ ಜಗಲಿಯಲ್ಲಿ ಕಲಿಯಲು ಬಂದ ಎಳೆಯ ಬಳೆಗಾರರು ನಾಲ್ವರಿದ್ದರು. ಅವನು ನಡೆದದ್ದನ್ನೆಲ್ಲ ಹೇಳಿದ ಮೇಲೆ, ಅವರೆಲ್ಲರ ಮುಂದೆ ಅವಳು, “ಕೈ ಕೊಡು,” ಎಂದಳು. ಗಂಡಸಿನ ಕೈಗೆ ಬಳೆಯೇ ಎಂದು ಅವನು ನಕ್ಕ. ಅವಳು ನಗಲಿಲ್ಲ. ಸಾವಿರಾರು ಕೈ ಹಿಡಿದವನ ಕೈಯನ್ನು ಅದುವರೆಗೆ ಯಾರೂ ಹಾಗೆ ಹಿಡಿದಿರಲಿಲ್ಲ. ಗೆಣ್ಣು ಒತ್ತಿದ ಕೂಡಲೇ ಸಿಕ್ಕಿಬಿದ್ದಂತಾಯಿತು. ಕೈ ಎಳೆದುಕೊಂಡ. ಅವಳು ಇನ್ನೂ ಬಿಗಿಯಾಗಿ ಹಿಡಿದಳು.

“ಬಿಡವ್ವ, ಬಿಡು!” ಎಂದು ಕೂಗಿಬಿಟ್ಟ.

ಅವಳು ತಟ್ಟನೆ ಬಿಟ್ಟಳು. “ನಿನಗೆ ಬಾಯಿತ್ತು, ಬಿಡು ಅಂದೆ. ಆ ಮಾತು ಬಾರದವರು ಏನು ಮಾಡಬೇಕಪ್ಪ?”

ಬಳೆಗಾರನಿಗೆ ನಾಚಿಕೆಯಾಯಿತು. ಆದರೂ ಎಷ್ಟೋ ದಿನದಿಂದ ಹೊತ್ತ ಭಾರ ಇಳಿದಂತಾಯಿತು. ಹುಡುಗಿಯದು ಹಟವಲ್ಲ, ತನ್ನ ಪ್ರೀತಿ ಸುಳ್ಳೂ ಅಲ್ಲ. ತನಗೆ ಬಾರದ ಒಂದು ಕೆಲಸವಿತ್ತು, ಅದನ್ನು ಕಲಿಯಬಹುದಿತ್ತು. ಅಷ್ಟೇ.

ಒಂದು ತಿಂಗಳು ಅಲ್ಲೇ ಉಳಿದ. ಮುಟ್ಟುವ ಮುಂಚೆ ತೋರಿಸುವುದನ್ನು ಕಲಿತ. ಕಾಯುವುದನ್ನು ಕಲಿತ. ಬಾಯಿ ಮುಚ್ಚಿಕೊಂಡು ಕೂರುವುದನ್ನೂ ಕಲಿತ. ಅವನಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಅದೇ.

ಊರಿಗೆ ಮರಳಿದವನು ಪ್ರತಿ ಸೋಮವಾರ, ಅದೇ ಹೊತ್ತಿಗೆ, ಕೂಗು ಹಾಕದೆ ಬಂದು ಆ ಮನೆಯ ಜಗಲಿಯಲ್ಲಿ ಅದೇ ಜಾಗದಲ್ಲಿ ಚಾಪೆ ಹಾಸಿ ಕೂತ. ಬಳೆ ಹರಡಿ ಸುಮ್ಮನಿದ್ದ. ಮೂರು ಸೋಮವಾರ ಹುಡುಗಿ ಬಾಗಿಲ ಹಿಂದೆಯೇ ನಿಂತಳು. ನಾಲ್ಕನೆಯ ಸೋಮವಾರ ಬಂದು ಕೂತು, ಬಳೆಗಳನ್ನು ಬಣ್ಣ ನೋಡಿ ಸಾಲಾಗಿ ಇಟ್ಟಳು. ಅವನು ಸಾಲು ಕೆಡಿಸಲಿಲ್ಲ. ತನ್ನ ಬಳಿ ಇದ್ದ, ಅವಳ ಅಳತೆಗಿಂತ ಒಂದಿಷ್ಟು ದೊಡ್ಡದಾದ ಹಸಿರು ಬಳೆಯಲ್ಲಿ ತನ್ನ ಬೆರಳು ತೂರಿಸಿ ತೋರಿಸಿದ. ಆಮೇಲೆ ಬಳೆಯನ್ನಷ್ಟೇ ಅವಳ ಮುಂದೆ ಹಿಡಿದುಕೊಂಡ. ಕೈ ಅವಳದು, ಅವಳಿಗೇ ಬಿಟ್ಟ.

ತುಂಬ ಹೊತ್ತು ಕಳೆಯಿತು. ಅವನ ತೋಳು ಸೋತಿತು. ಆಗ ಹುಡುಗಿ ತಾನಾಗಿ ಕೈ ತೂರಿಸಿದಳು. ಬಳೆ ಏರಿತು. ಕೈಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಳು. ಒಂದೇ ಬಳೆ, ಸದ್ದಾಗಲಿಲ್ಲ. ಇನ್ನೊಂದಕ್ಕೆ ಕೈ ಚಾಚಿದಳು. ಬಾಗಿಲಲ್ಲಿ ನಿಂತಿದ್ದ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಳೆಗಾರನಿಗೆ ಅಂದು ಹೊಟ್ಟೆ ತುಂಬ ಊಟ ಸೇರಿತು.

ಗುರುಗಳು ಕತೆ ನಿಲ್ಲಿಸಿದರು. ರುದ್ರಮುನಿಯ ಮುಖ ಹಗುರಾಗಿತ್ತು. ಆದರೂ ಒಂದು ಅಳುಕು ಉಳಿದಿತ್ತು.

“ಹೋಗ್ತೇನೆ ಗುರುಗಳೇ. ಆದರೆ ಇಷ್ಟು ವರ್ಷವಾದರೂ ಈ ಮಾಸ್ತರನಿಗೆ ಏನೂ ಗೊತ್ತಿಲ್ಲ ಅಂತ ಅಲ್ಲಿ ಎಲ್ಲರಿಗೂ ತಿಳಿದುಹೋಗುತ್ತಲ್ಲ?”

ಗುರುಗಳು ಹೇಳಿದರು: “ನಿನ್ನ ತರಗತಿಯ ಆ ಮಗುವಿಗೆ ಅದು ಮೊದಲ ದಿನವೇ ತಿಳಿದಿದೆ, ಇನ್ನು ಯಾರಿಂದ ಮುಚ್ಚಿಡುತ್ತೀಯ?”