ಕೌದಿಯ ದಾರದಿಂದ ಹೊಲಿದ ಹಾಳೆ

ಪೂಜ್ಯ ತಬಿಥಮ್ಮನವರು ನಮ್ಮ ಸಭೆಯ ಬೈಬಲ್ ಸ್ತ್ರೀಯಾಗಿ ಮೂವತ್ತೊಂದು ವರ್ಷ ಸೇವೆ ಸಲ್ಲಿಸಿದವರು. ಮನೆಮನೆಗೆ ನಡೆದು ಹೆಂಗಸರಿಗೆ ವೇದವಾಕ್ಯ ಓದಿ ಹೇಳುವುದು ಅವರ ಕೆಲಸ. ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದು ಇಲ್ಲದವರಿಗೆ ಹೊದಿಸುವುದು ಅವರ ಸಂತೋಷ. ೧೯೦೨ರ ನವೆಂಬರಿನಲ್ಲಿ ಪ್ಲೇಗು ಬಂದು ಊರೆಲ್ಲ ಬಯಲಿನ ಗುಡಿಸಲುಗಳಿಗೆ ಸರಿದಾಗಲೂ ಅವರು ಸೂಜಿ ಕೆಳಗಿಡಲಿಲ್ಲ. ಆ ಒಂದು ತಿಂಗಳಿಗೆ ನಮ್ಮ ಸಭೆಯ ದಾಖಲೆಯಲ್ಲಿ ಹದಿನೇಳು ಸಮಾಧಿಗಳಿವೆ.

ಬೆಳಿಗ್ಗೆ ಮಾತಾಡಿಸಿದವರು ಸಂಜೆಗೆ ಇರುತ್ತಿರಲಿಲ್ಲ. ಯಾರಾದರೂ ನರಳಿದರೆ ಪಕ್ಕದ ಗುಡಿಸಲಿನ ತಟ್ಟಿಬಾಗಿಲು ಮುಚ್ಚಿಕೊಳ್ಳುತ್ತಿತ್ತು.

ಒಂದು ಮಧ್ಯಾಹ್ನ ನೇಕಾರ ಯೋನಪ್ಪ ಬೈಬಲನ್ನು ಎದೆಗೆ ಅವುಚಿಕೊಂಡು ಬಂದು ಅವರ ಗುಡಿಸಲಿನ ಹೊರಗೇ ನಿಂತ. ಹಿಂದೆಯೇ ಅವನ ಹೆಂಡತಿ ಲೀದಿಯವ್ವ.

"ಒಳಗ ಬಾರಪ್ಪ."

"ಬರಂಗಿಲ್ರೀ ಅವ್ವಾರ. ದೇವರ ಸಿಟ್ಟು ನನ್ನ ಬೆನ್ನ ಹಿಂದ ಐತಿ."

ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟ ಮೇಲೆ ಹುಟ್ಟಿದವಳು ಅವರ ಮಗಳು ಪ್ರಿಸ್ಕಿಲ್ಲ. ನಮ್ಮವರ ಪದ್ಧತಿಯಂತೆ ಯೋನಪ್ಪ ಬೈಬಲಿನ ಮೊದಲ ಹಾಳೆಯಲ್ಲಿ ಅವಳ ಹೆಸರನ್ನೂ ದೀಕ್ಷಾಸ್ನಾನದ ದಿನವನ್ನೂ ಬರೆದಿದ್ದ. ಅದೇ ಹಾಳೆಯ ಒಳಅಂಚಿನಲ್ಲಿ, ಪುಸ್ತಕದ ಬೆನ್ನಿನ ಕಡೆ ಉದ್ದಕ್ಕೆ, ಒಂದು ಹರಕೆಯನ್ನೂ ಬರೆದಿದ್ದ: ಈ ಮಗುವನ್ನು ಉಳಿಸಿದರೆ ಹೆಂಡ ಮುಟ್ಟುವುದಿಲ್ಲ. ಆರು ವರ್ಷ ಮುಟ್ಟಲಿಲ್ಲ. ಮಗ್ಗದ ಮನೆಯಲ್ಲಿ ಇಲಿ ಸತ್ತುಬಿದ್ದ ದಿನ, ಪ್ಲೇಗು ಮನೆಗೇ ಬಂತೆಂಬ ಹೆದರಿಕೆ ತಾಳಲಾರದೆ ಕುಡಿದ. ಅಮಲು ಇಳಿದ ಮೇಲೆ, ಬರೆದದ್ದು ದೇವರ ಕಣ್ಣಿಗೆ ಬೀಳದಿರಲೆಂದು, ನೂಲು ಕತ್ತರಿಸುವ ಕತ್ತರಿಯಿಂದ ಆ ಹಾಳೆಯನ್ನೇ ಕತ್ತರಿಸಿ ತೆಗೆದ. ಮರುದಿನ ಮಗಳಿಗೆ ಜ್ವರ ಏರಿತು. ಕಂಕುಳಲ್ಲಿ ಗಡ್ಡೆ ಎದ್ದಿತು. ಹರಕೆಯ ಜೊತೆಗೆ ಮಗಳ ಹೆಸರೂ ಗ್ರಂಥದಿಂದ ಹೋಗಿದೆಯೆಂದು ಅವನಿಗೆ ಆಗ ಹೊಳೆಯಿತು.

"ನನ್ನ ಕೈಯಾರೆ ಕೂಸಿನ ಹೆಸರು ಕತ್ತರಿಸೇನ್ರೀ. ಮಾತು ಮುರದವ ನಾ. ಅದಕ್ಕ ದೇವರು ಅಕಿನ್ನ ಒಯ್ಯಾಕತ್ಯಾನ."

"ಎರಡು ದಿನ ಆತ್ರೀ, ಕೂಸು ಅಪ್ಪಾ ಅಪ್ಪಾ ಅಂತ ಕರೀತೈತಿ," ಎಂದಳು ಲೀದಿಯವ್ವ. "ಈತ ಬಾಗಲಾ ದಾಟವಲ್ಲ. ಕತ್ತರಿ ಹಿಡಿಯಾಕ ಧೈರ್ಯ ಬಂತು, ಮಗಳ ಕೈ ಹಿಡಿಯಾಕ ಬರಲಿಲ್ಲ."

ತಬಿಥಮ್ಮನವರು ಗದರಲಿಲ್ಲ. ಹೊರಗೆ ಬಂದು, ಅವನ ಕೈಯಿಂದ ಬೈಬಲನ್ನೂ ಅದರೊಳಗೆ ಮಡಗಿದ್ದ ಕತ್ತರಿಸಿದ ಹಾಳೆಯನ್ನೂ ತೆಗೆದುಕೊಂಡರು. ಅಲ್ಲೇ ನೆಲದ ಮೇಲೆ ಕುಳಿತು, ಹಾಳೆಯನ್ನು ಅದರ ಜಾಗದಲ್ಲಿಟ್ಟು, ಕೌದಿಯ ಸೂಜಿಯಿಂದ ಕೆಂಪು ದಾರದಲ್ಲಿ ಹೊಲಿಯತೊಡಗಿದರು. ಹೊಲಿಯುತ್ತಲೇ ಕೇಳಿದರು:

"ದೇವರು ಅಬ್ರಹಾಮನ ಜೋಡಿ ಒಡಂಬಡಿಕೆ ಮಾಡಿದ್ದು ಓದೀಯಲ್ಲ? ಕಡದಿಟ್ಟ ಪಶುಗಳ ನಡುವ ಹಾದು ಹೋಗೋದು ಆ ಕಾಲದ ಆಣಿ. ಮಾತು ಮುರದ್ರ ನನಗೂ ಹಿಂಗ ಆಗಲಿ ಅನ್ನೋ ಆಣಿ. ಅವತ್ತು ಹಾದು ಹೋದವರು ಯಾರು?"

"ಬೆಂಕಿ ರೂಪದಾಗ ದೇವರು."

"ಅಬ್ರಹಾಮ?"

"ಅಂವ ನಿದ್ದಿಯೊಳಗ ಹೆದರಿ ಬಿದ್ದಿದ್ದ."

"ದೇವರು ಒಬ್ಬನ ನಡದ. ಮುರದವರ ಶಿಕ್ಷಾನೂ ಶಿಲುಬಿ ಮ್ಯಾಲೆ ತಾನ ಹೊತ್ತ. ನಿನ್ನ ಮಾತು ಹರೀತು, ಯೋನಪ್ಪ. ಅವನ ಮಾತು ಹರದಿಲ್ಲ."

"ಹಂಗಾರ ಅಕಿ ಉಳೀತಾಳೇನ್ರೀ?"

ಸೂಜಿ ನಿಂತಿತು.

"ಅದು ನನಗ ಗೊತ್ತಿಲ್ಲ. ಉಳದ್ರೂ ಅಕಿ ಅವನಕಿ, ಹೋದ್ರೂ ಅವನಕಿ. ನೀ ಹೋಗು, ಮಗಳು ಕರೀತಾಳ."

ಯೋನಪ್ಪ ತನ್ನ ಗುಡಿಸಲಿಗೆ ನಡೆದ. ಬಾಗಿಲಲ್ಲಿ ಒಂದು ಗಳಿಗೆ ನಿಂತ. ಆಮೇಲೆ ಒಳಗೆ ಹೋಗಿ, ಕೆಂಡದಂತೆ ಸುಡುತ್ತಿದ್ದ ಮೈಯನ್ನು ತೊಡೆಯ ಮೇಲೆ ಎಳೆದುಕೊಂಡ. ಹಿಂದೆಯೇ ಬಂದ ತಬಿಥಮ್ಮನವರು ತಂದೆಮಗಳಿಬ್ಬರಿಗೂ ಒಂದೇ ಕೌದಿ ಹೊದಿಸಿ, ಪ್ರಾರ್ಥಿಸುತ್ತ ಕುಳಿತರು.

ನಾಲ್ಕು ದಿನ ಆ ಗುಡಿಸಲಿನಲ್ಲಿ ಬದುಕೋ ಸಾವೋ ತಿಳಿಯದ ಸ್ಥಿತಿ. ಐದನೆಯ ದಿನ ಗಡ್ಡೆ ಒಡೆಯಿತು. ಮಗು ನೀರು ಕೇಳಿತು.

ಅಲ್ಲಿಂದಾಚೆ, ಆ ಪ್ಲೇಗು ಮುಗಿಯುವವರೆಗೂ, ಯಾರೂ ಮುಟ್ಟಲೊಲ್ಲದ ಹೆಣಗಳಿಗೆ ಹೆಗಲು ಕೊಟ್ಟವನು ಯೋನಪ್ಪ. ಹೆಂಡ ಮತ್ತೆ ಮುಟ್ಟಲಿಲ್ಲ. ಹೊಸ ಹರಕೆಯನ್ನೂ ಬರೆಯಲಿಲ್ಲ.

ಎಂಬತ್ತು ದಾಟಿದ ಪ್ರಿಸ್ಕಿಲ್ಲಮ್ಮನವರೇ ಆ ಬೈಬಲನ್ನು ನನ್ನ ಕೈಯಲ್ಲಿಟ್ಟು ಇದನ್ನೆಲ್ಲ ಹೇಳಿದರು. ತಬಿಥಮ್ಮನವರ ಕೆಂಪು ಹೊಲಿಗೆ ಈಗಲೂ ಬಿಗಿಯಾಗಿದೆ. ಒಳಅಂಚು ಆ ಹೊಲಿಗೆಯೊಳಗೆ ಮಡಚಿಹೋಗಿ, ಯೋನಪ್ಪನ ಹರಕೆಯ ಒಂದಕ್ಷರವೂ ಓದಲು ಸಿಗುವುದಿಲ್ಲ. ಮಗಳ ಹೆಸರೂ ದೀಕ್ಷಾಸ್ನಾನದ ದಿನವೂ ಮಾತ್ರ ಹಾಳೆಯ ನಡುವೆ ಸ್ಪಷ್ಟವಾಗಿ ಉಳಿದಿವೆ.