ದಿಕ್ಕು ನೋಡಿದ ಗೊರವಂಕ

ತುಂಬು ಗರ್ಭಿಣಿ ಗೊರವಂಕ ಹಕ್ಕಿಗೆ ತೋಪಿನ ಯಾವ ಮನೆಯೂ ಒಪ್ಪಿಗೆಯಾಗಲಿಲ್ಲ. ಕೊನೆಗೆ ಮರಕುಟಿಗ ತಾನು ಬಿಟ್ಟ ಹಳೆಯ ಪೊಟರೆಯನ್ನು ತೋರಿಸಿ, "ಬೆಚ್ಚಗಿದೆ ತಾಯಿ, ಇವತ್ತೇ ಬಂದು ಇರಿ" ಎಂದಿತು.

"ಬಾಗಿಲು ದಕ್ಷಿಣಕ್ಕಿದೆಯಲ್ಲ" ಎಂದು ಗೊರವಂಕ ಮೂಗು ಮುರಿಯಿತು.

"ಹಾಗಾದರೆ ಪೂರ್ವಕ್ಕೆ ಹೊಸದನ್ನೇ ಕೊರೆದುಕೊಡುತ್ತೇನೆ."

"ಆಷಾಢದಲ್ಲಿ ಯಾರಾದರೂ ಮನೆ ಕೆಲಸಕ್ಕೆ ಕೈ ಹಾಕುತ್ತಾರೆಯೇ? ಶ್ರಾವಣ ಬರಲಿ."

"ನಿಮ್ಮ ಮೊಟ್ಟೆಗೆ ಪಂಚಾಂಗ ಗೊತ್ತೇ?"

"ಮರ ಕುಟ್ಟುವವರಿಗೆ ಶಾಸ್ತ್ರ ಏನು ತಿಳಿದೀತು" ಎಂದ ಗೊರವಂಕ, ಕೊಂಬೆಯ ಮೇಲೆ ಕೂತು ಈಶಾನ್ಯ ಯಾವ ಕಡೆ ಎಂದು ಕತ್ತು ತಿರುಗಿಸಿ ನೋಡತೊಡಗಿತು. ಅಷ್ಟರಲ್ಲಿ ಮೊಟ್ಟೆ ಜಾರಿ ಕೆಳಗಿನ ಬಂಡೆಯ ಮೇಲೆ ಬಿದ್ದು ಬಿರುಕು ಬಿಟ್ಟಿತು. ಬಿರುಕು ದಕ್ಷಿಣಕ್ಕೇ ಇತ್ತು. ಇರುವೆಗಳು ಮುಹೂರ್ತ ಕೇಳದೆ ಗೃಹಪ್ರವೇಶ ಮಾಡಿದವು.