ಹಾರಲೊಲ್ಲದ ಡ್ರೋನ್, ಕಬ್ಬಿನೊಳಗಿನ ಬೆಣ್ಣಿ

ಕೇಳ್ರಿ ಮಕ್ಕಳಾ, ಕಾಲು ಮಡಚಿ ಕೂತು ಕೇಳ್ರಿ. ನಡುವೆ ಎದ್ದು ಓಡಿದರೆ ಮರಿ ಸಿಗೋದಿಲ್ಲ.

ಫಕೀರವ್ವ ಅಂತ ಒಬ್ಬಳಿದ್ದಳು. ಅವಳಿಗೆ ಒಂದು ಆಡು ಇತ್ತು. ಕರೀ ಆಡು. ಆಡಿಗೆ ಒಂದು ಮರಿ ಇತ್ತು. ಬಿಳೀ ಮರಿ. ಹುಟ್ಟಿ ಆರೇ ದಿನ. ಬೆಣ್ಣೆಯ ಹಾಗೆ ಬೆಳ್ಳಗಿತ್ತು. ಅದಕ್ಕೇ ಅದರ ಹೆಸರು ಬೆಣ್ಣಿ.

ಒಂದು ದಿನ ಮಧ್ಯಾಹ್ನ ಬೆಣ್ಣಿ ಜಿಗಿಯಿತು. ಇಲ್ಲಿ ಜಿಗಿಯಿತು. ಅಲ್ಲಿ ಜಿಗಿಯಿತು. ಜಿಗಿದು ಜಿಗಿದು ಕಬ್ಬಿನ ಹೊಲದೊಳಗೆ ಹೋಯಿತು. ಹೋದದ್ದು ಬರಲೇ ಇಲ್ಲ.

ಕಬ್ಬು ಎಷ್ಟೆತ್ತರ ಇತ್ತು? ಒಂದಾಳಲ್ಲ, ಎರಡಾಳೆತ್ತರ. ಫಕೀರವ್ವ ಒಳಗೆ ನುಗ್ಗಿ ಹುಡುಕಿದಳು. ಕಬ್ಬಿನ ಎಲೆ ಕೈ ಕೊಯ್ಯಿತು. "ಬೆಣ್ಣೀ" ಅಂತ ಕೂಗಿದಳು. ಗಾಳಿಗೆ ಕಬ್ಬು ಸರ್ರ್ ಅಂದಿತು. ಅವಳ ದನಿ ಮರಿಗೆ ಕೇಳಲಿಲ್ಲ. ಮರಿಯ ದನಿ ಅವಳಿಗೆ ಕೇಳಲಿಲ್ಲ.

ಹೊತ್ತು ಮುಳುಗಿದರೆ ನರಿ ಬರುತ್ತದೆ. ಆ ಹೊಲದಲ್ಲಿ ನರಿ ಇದೆ ಅಂತ ಊರಿಗೇ ಗೊತ್ತು. ಫಕೀರವ್ವ ಹೊತ್ತಿನ ಕಡೆ ನೋಡಿದಳು. ಆಡು "ಮ್ಯಾ" ಅಂದಿತು.

ಮೇಲಿನಿಂದ ನೋಡುವವರು ಬೇಕಲ್ಲ, ಯಾರಿದ್ದಾರೆ? ಫೋಟೊ ಅಂಗಡಿ ಮೌಲಾನ ಹತ್ತಿರ ಒಂದು ಡ್ರೋನ್ ಇತ್ತು. ಮದುವೆ ಮನೆಯ ಮೇಲೆ ಹಾರಿ ಫೋಟೊ ತೆಗೆಯುವ ಡ್ರೋನ್. ನಾಲ್ಕು ರೆಕ್ಕೆ, ಒಂದು ಕಣ್ಣು. ಹಕ್ಕಿ ಅಲ್ಲ, ಆದರೆ ಹಕ್ಕಿಗಿಂತ ಜಂಬ ಜಾಸ್ತಿ.

ಫಕೀರವ್ವ ಓಡಿದಳು. ಆಡು ಹಿಂದೆ ಓಡಿತು.

ಮೌಲಾ ಹೇಳಿದ, "ಅತ್ತಿ, ಹಾರಸಾಕ ನಾ ತಯಾರ. ಆದರ ಮುಂಜಾನಿಂದ ಅದು ನನ್ನ ಮಾತ ಕೇಳವಲ್ಲದು. ನೀನರ ಕೇಳಿ ನೋಡು."

ಅಂಗಡಿಯಲ್ಲಿ ಕಬ್ಬಿಣದ ಟ್ರಂಕು. ಟ್ರಂಕಿನ ಮೇಲೆ ಡ್ರೋನ್. ಕೆಂಪು ದೀಪ ಪಿಕ್ ಪಿಕ್ ಪಿಕ್.

"ಡ್ರೋನಪ್ಪಾ ಡ್ರೋನಪ್ಪಾ, ಹಾರು.
ನೀ ಹಾರಿದರ ಬೆಣ್ಣಿ ಸಿಗತೈತಿ."

"ಒಲ್ಲೆ" ಅಂದಿತು ಡ್ರೋನ್. "ನಿನ್ನಿ ನಾ ಅಪ್‌ಡೇಟ್ ಆಗೇನಿ. ಹೊಸ ಪಾಠ ಕಲತೇನಿ. ಬ್ಯಾಟರಿ ಇನ್ನೂ ಹಳೇ ಪಾಠದಾಗ ಐತಿ. ನಾ ಹೇಳೂದು ಅದಕ್ಕ ತಿಳಿಯಂಗಿಲ್ಲ. ಹೋಗು, ಬ್ಯಾಟರಿನ್ನ ಕೇಳು."

ಆಡು "ಮ್ಯಾ" ಅಂದಿತು. ಫಕೀರವ್ವ ಬ್ಯಾಟರಿಯನ್ನು ಕೇಳಿದಳು.

"ಬ್ಯಾಟರಿ ತಮ್ಮಾ ಬ್ಯಾಟರಿ ತಮ್ಮಾ, ಪಾಠ ಕಲಿ.
ನೀ ಕಲತರ ಡ್ರೋನ್ ಹಾರತೈತಿ.
ಡ್ರೋನ್ ಹಾರಿದರ ಬೆಣ್ಣಿ ಸಿಗತೈತಿ."

"ಕಲೀತೀನಿ" ಅಂದಿತು ಬ್ಯಾಟರಿ. "ಪಾಠ ತರೋರ ಯಾರು? ಅದು ಫೋನಿನ್ಯಾಗ ಬರಬೇಕು. ಫೋನ್ ತರವಲ್ಲದು. ಹೋಗು, ಫೋನನ್ನ ಕೇಳು."

ಆಡು "ಮ್ಯಾ" ಅಂದಿತು. ಫಕೀರವ್ವ ಮೌಲಾನ ಫೋನನ್ನು ಕೇಳಿದಳು.

"ಫೋನಣ್ಣಾ ಫೋನಣ್ಣಾ, ಪಾಠ ತಾ.
ಪಾಠ ಬಂದರ ಬ್ಯಾಟರಿ ಕಲೀತೈತಿ.
ಬ್ಯಾಟರಿ ಕಲತರ ಡ್ರೋನ್ ಹಾರತೈತಿ.
ಡ್ರೋನ್ ಹಾರಿದರ ಬೆಣ್ಣಿ ಸಿಗತೈತಿ."

"ತಂದು ಎಲ್ಲಿಡ್ಲಿ?" ಅಂದಿತು ಫೋನ್. "ನನ್ನ ಹೊಟ್ಟಿ ತುಂಬೇತಿ. ಮದುವಿ ಫೋಟೊ ಸಾವಿರ. ತೊಟ್ಟಲದ ಫೋಟೊ ಸಾವಿರ. ಮೌಲಾ ತನ್ನ ಮೀಸಿ ತಾನ ತಕ್ಕೊಂಡ ಫೋಟೊ ಎರಡ ಸಾವಿರ. ಕಂಪ್ಯೂಟರ್ ಅವನ್ನ ತಗೊಂಡರ ನನಗ ಜಾಗ ಆಗತೈತಿ."

ಮೌಲಾ ಮೀಸೆ ಮೇಲೆ ಕೈ ಮುಚ್ಚಿಕೊಂಡ. ಆಡು "ಮ್ಯಾ" ಅಂದಿತು. ಫಕೀರವ್ವ ಕಂಪ್ಯೂಟರನ್ನು ಕೇಳಿದಳು.

"ಕಂಪ್ಯೂಟರಪ್ಪಾ ಕಂಪ್ಯೂಟರಪ್ಪಾ, ಫೋಟೊ ತಗೊ.
ಫೋಟೊ ಹೋದರ ಫೋನ್ ಪಾಠ ತರತೈತಿ.
ಪಾಠ ಬಂದರ ಬ್ಯಾಟರಿ ಕಲೀತೈತಿ.
ಬ್ಯಾಟರಿ ಕಲತರ ಡ್ರೋನ್ ಹಾರತೈತಿ.
ಡ್ರೋನ್ ಹಾರಿದರ ಬೆಣ್ಣಿ ಸಿಗತೈತಿ."

ಕಂಪ್ಯೂಟರ್ ಏನೂ ಅನ್ನಲಿಲ್ಲ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕಪ್ಪು ಮುಖ ಹಾಕಿಕೊಂಡು ಕೂತಿತು.

"ಎಷ್ಟ ಸೊಕ್ಕೋ ಇದಕ್ಕ" ಅಂದಳು ಫಕೀರವ್ವ.

"ಸೊಕ್ಕಲ್ಲ ಅತ್ತಿ, ಕರೆಂಟಿಲ್ಲ" ಅಂದ ಮೌಲಾ. "ಕರೆಂಟ್ ಬರದ ಅದು ಕಣ್ಣ ತೆರಿಯಂಗಿಲ್ಲ. ಲೈನ್‌ಮನ್ ಯಲಗೂರಪ್ಪನ್ನ ಕೇಳು."

ಫಕೀರವ್ವ ಓಡಿದಳು. ಆಡು ಹಿಂದೆ ಓಡಿತು. ಕಂಬದ ಬುಡದಲ್ಲಿ ಯಲಗೂರಪ್ಪ ಕಾಲು ಚಾಚಿ ಕೂತಿದ್ದ.

"ಯಲಗೂರಣ್ಣಾ ಯಲಗೂರಣ್ಣಾ, ಕಂಬ ಹತ್ತು.
ನೀ ಹತ್ತಿದರ ಕರೆಂಟ್ ಬರತೈತಿ.
ಕರೆಂಟ್ ಬಂದರ ಕಂಪ್ಯೂಟರ್ ಫೋಟೊ ತಗೊಂತೈತಿ.
ಫೋಟೊ ಹೋದರ ಫೋನ್ ಪಾಠ ತರತೈತಿ.
ಪಾಠ ಬಂದರ ಬ್ಯಾಟರಿ ಕಲೀತೈತಿ.
ಬ್ಯಾಟರಿ ಕಲತರ ಡ್ರೋನ್ ಹಾರತೈತಿ.
ಡ್ರೋನ್ ಹಾರಿದರ ಬೆಣ್ಣಿ ಸಿಗತೈತಿ."

"ಯಕ್ಕಾ, ಮುಂಜಾನಿಂದ ಏಳ ಕಂಬ ಹತ್ತೇನಿ" ಅಂದ ಯಲಗೂರಪ್ಪ. "ನೋಡಿಲ್ಲೆ, ಕಾಲು ಹೆಂಗ ನಡಗಾಕತ್ತಾವ. ನಡಗೂ ಕಾಲಿಲೆ ಕಂಬ ಹತ್ತಬಾರದು. ಒಂದ ಕಪ್ ಚಾ ಕುಡಿದರ ಹತ್ತತೀನಿ."

ನಿಜ, ಕಾಲು ನಡುಗುತ್ತಿದ್ದವು. ಬಿದ್ದರೆ ಏನು ಗತಿ? ಆಡು "ಮ್ಯಾ" ಅಂದಿತು. ಹೊತ್ತು ಒಂದು ಗೇಣು ಇಳಿಯಿತು.

ಫಕೀರವ್ವ ಚಾದಂಗಡಿ ಚಂದ್ರವ್ವನ ಹತ್ತಿರ ಓಡಿದಳು. ಆಡು ಹಿಂದೆ ಓಡಿತು.

"ಚಂದ್ರವ್ವಾ ಚಂದ್ರವ್ವಾ, ಚಾ ಮಾಡು.
ಚಾ ಕುಡಿದರ ಯಲಗೂರಣ್ಣ ಕಂಬ ಹತ್ತತಾನ.
ಕಂಬ ಹತ್ತಿದರ ಕರೆಂಟ್ ಬರತೈತಿ.
ಕರೆಂಟ್ ಬಂದರ ಕಂಪ್ಯೂಟರ್ ಫೋಟೊ ತಗೊಂತೈತಿ.
ಫೋಟೊ ಹೋದರ ಫೋನ್ ಪಾಠ ತರತೈತಿ.
ಪಾಠ ಬಂದರ ಬ್ಯಾಟರಿ ಕಲೀತೈತಿ.
ಬ್ಯಾಟರಿ ಕಲತರ ಡ್ರೋನ್ ಹಾರತೈತಿ.
ಡ್ರೋನ್ ಹಾರಿದರ ಬೆಣ್ಣಿ ಸಿಗತೈತಿ."

"ಒಲಿ ಉರೀತೈತಿ" ಅಂದಳು ಚಂದ್ರವ್ವ. "ಪುಡಿ ಐತಿ. ಸಕ್ರಿ ಐತಿ. ಹಾಲಿಲ್ಲ. ಎಮ್ಮಿ ಎಲ್ಲಾ ಮೇಯಾಕ ಹೋಗ್ಯಾವ. ಕರೀ ಚಾ ಕೊಟ್ಟರ ನಿಮ್ಮ ಯಲಗೂರಪ್ಪ ಕಪ್ ಮುಟ್ಟಂಗಿಲ್ಲ. ಹಾಲ ತಾ, ಮಾಡ್ತೀನಿ."

ಫಕೀರವ್ವ ಅಲ್ಲೇ ಕಟ್ಟೆ ಮೇಲೆ ಕುಸಿದು ಕೂತಳು. ಹಾಲು ಎಲ್ಲಿಂದ ತರಲಿ? ಯಾರನ್ನು ಕೇಳಲಿ?

ಹಿಂದೆ "ಮ್ಯಾ" ಅಂದಿತು.

ಫಕೀರವ್ವ ತಿರುಗಿ ನೋಡಿದಳು. ಆಡು ನಿಂತಿತ್ತು. ಕೆಚ್ಚಲು ಬಿಗಿದಿತ್ತು. ಮಧ್ಯಾಹ್ನದಿಂದ ಕುಡಿಯುವವರಿಲ್ಲ. ಒಂದೊಂದೇ ಹನಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಅದು ಬೆಣ್ಣಿಯ ಹಾಲು. ಅದನ್ನು ಹೇಗೆ ಕೇಳುವುದು? ಡ್ರೋನನ್ನು ಕೇಳುವಾಗ ಫಕೀರವ್ವನಿಗೆ ನಾಚಿಕೆ ಆಗಿರಲಿಲ್ಲ. ಯಲಗೂರಪ್ಪನನ್ನು ಕೇಳುವಾಗ ಆಗಿರಲಿಲ್ಲ. ಈಗ ಆಯಿತು. ಆಡಿನ ಕಿವಿಯ ಹತ್ತಿರ ಬಾಯಿ ತಂದು ಮೆಲ್ಲಗೆ ಕೇಳಿದಳು.

"ಯವ್ವಾ ನನ್ನವ್ವಾ, ಹಾಲು ಕೊಡು.
ಹಾಲು ಬಂದರ ಚಂದ್ರವ್ವ ಚಾ ಮಾಡತಾಳ.
ಚಾ ಕುಡಿದರ ಯಲಗೂರಣ್ಣ ಕಂಬ ಹತ್ತತಾನ.
ಕಂಬ ಹತ್ತಿದರ ಕರೆಂಟ್ ಬರತೈತಿ.
ಕರೆಂಟ್ ಬಂದರ ಕಂಪ್ಯೂಟರ್ ಫೋಟೊ ತಗೊಂತೈತಿ.
ಫೋಟೊ ಹೋದರ ಫೋನ್ ಪಾಠ ತರತೈತಿ.
ಪಾಠ ಬಂದರ ಬ್ಯಾಟರಿ ಕಲೀತೈತಿ.
ಬ್ಯಾಟರಿ ಕಲತರ ಡ್ರೋನ್ ಹಾರತೈತಿ.
ಡ್ರೋನ್ ಹಾರಿದರ ನಿನ್ನ ಬೆಣ್ಣಿ ಸಿಗತೈತಿ."

ಡ್ರೋನ್ ಒಲ್ಲೆ ಅಂದಿತ್ತು. ಬ್ಯಾಟರಿ ಪಾಠ ತಾ ಅಂದಿತ್ತು. ಫೋನ್ ಜಾಗ ತಾ ಅಂದಿತ್ತು. ಕಂಪ್ಯೂಟರಿಗೆ ಕರೆಂಟ್ ಬೇಕಿತ್ತು. ಯಲಗೂರಪ್ಪ ಚಾ ತಾ ಅಂದಿದ್ದ. ಚಂದ್ರವ್ವ ಹಾಲು ತಾ ಅಂದಿದ್ದಳು.

ಆಡು ಏನೂ ತಾ ಅನ್ನಲಿಲ್ಲ. ಮುಂದೆ ಬಂತು. ಹಿಂಗಾಲು ಅಗಲ ಮಾಡಿ ನಿಂತಿತು.

ಫಕೀರವ್ವ ಒಂದು ಮೊಲೆ ಮಾತ್ರ ಹಿಂಡಿದಳು. ಒಂದು ಮೊಲೆ ಚಾಕ್ಕೆ, ಒಂದು ಮೊಲೆ ಬೆಣ್ಣಿಗೆ.

ಆಮೇಲೆ ನೋಡಿ ಮಕ್ಕಳಾ, ಎಲ್ಲರ ಕಾಲಿಗೂ ಚಕ್ರ ಬಂತು.

ಹಾಲು ಬಂತು, ಚಂದ್ರವ್ವ ಚಾ ಮಾಡಿದಳು.
ಚಾ ಬಂತು, ಯಲಗೂರಪ್ಪ ಸೊರ್ ಅಂತ ಕುಡಿದ.
ಕಾಲಿನ ನಡುಕ ನಿಂತಿತು, ಯಲಗೂರಪ್ಪ ಕಂಬ ಹತ್ತಿದ.
ಫ್ಯೂಸ್ ಹಾಕಿದ, ಕರೆಂಟ್ ಬಂತು.
ಕರೆಂಟ್ ಬಂತು, ಕಂಪ್ಯೂಟರ್ ಕಣ್ಣು ತೆರೆಯಿತು.
ಕಣ್ಣು ತೆರೆದು ಫೋಟೊ ನುಂಗಿತು. ಮದುವೆ ಫೋಟೊ ನುಂಗಿತು, ತೊಟ್ಟಿಲ ಫೋಟೊ ನುಂಗಿತು, ಮೀಸೆ ಫೋಟೊ ಕಷ್ಟಪಟ್ಟು ನುಂಗಿತು.
ಫೋಟೊ ಹೋದವು, ಫೋನ್ ಪಾಠ ತಂದಿತು.
ಪಾಠ ಬಂತು, ಬ್ಯಾಟರಿ ಕಲಿಯಿತು.

ಕಲಿತು ಸುಸ್ತಾಯಿತು. ಸುಸ್ತಾದರೆ ಊಟ ಬೇಕಲ್ಲ? ಮೌಲಾ ಚಾರ್ಜಿಗೆ ಹಾಕಿದ. ಒಂದು ದೀಪ ಹತ್ತಿತು. ಎರಡು ದೀಪ ಹತ್ತಿದವು. ಹೊತ್ತು ಕಬ್ಬಿನ ತುದಿಗೆ ಬಂತು. ಮೂರು ದೀಪ ಹತ್ತಿದವು. ಫಕೀರವ್ವ ಬೆರಳು ಮಡಚಿ ಕೂತಳು. ನಾಲ್ಕು ದೀಪ ಹತ್ತಿದವು.

"ಹಾರು" ಅಂದಳು ಫಕೀರವ್ವ.

ಡ್ರೋನ್ ಹಾರಲಿಲ್ಲ. ಪಿಕ್ ಪಿಕ್ ಪಿಕ್.

"ಬ್ಯಾಟರಿ ನನ್ನ ಮಾತ ಕೇಳತೈತಿ" ಅಂದಿತು ಡ್ರೋನ್. "ಆದರ ಮೂಡಣ ಯಾವದು, ಪಡುವಣ ಯಾವದು, ನನಗ ತಿಳಿವಲ್ಲದು. ನನ್ನ ಕಬ್ಬಣದ ಮ್ಯಾಲ ಯಾಕ ಕುಂಡ್ರಸೀರಿ? ಕಬ್ಬಣದ ಮ್ಯಾಲ ಕುಂತರ ನನಗ ದಿಕ್ಕ ತಪ್ಪತಾವ."

ಮೌಲಾ ತಲೆ ಕೆರೆದುಕೊಂಡ. "ಅನ್ನ ಹಾಕೂ ಸಾಮಾನು ಅತ್ತಿ. ನೆಲದ ಮ್ಯಾಲ ಇಡಬಾರದಂತ ಮರ್ಯಾದಿಗೆ ಟ್ರಂಕಿನ ಮ್ಯಾಲ ಇಟ್ಟಿದ್ನಿ."

"ನಿನ್ನ ಮರ್ಯಾದಿ ಆಮ್ಯಾಲ" ಅಂದಳು ಫಕೀರವ್ವ. ಡ್ರೋನ್ ಎತ್ತಿಕೊಂಡು ಬಯಲಿಗೆ ಬಂದಳು. ಅದಕ್ಕೆ ದಿಕ್ಕು ತಿಳಿಯಲಿ ಅಂತ, ಮೌಲಾ ಹೇಳಿಕೊಟ್ಟ ಹಾಗೆ ಅಡ್ಡ ಹಿಡಿದು ಒಂದು ಸುತ್ತು ತಿರುಗಿದಳು. ಮೂತಿ ಕೆಳಗೆ ಮಾಡಿ ಇನ್ನೊಂದು ಸುತ್ತು ತಿರುಗಿದಳು. ಆಡೂ ಅವಳ ಸುತ್ತ ತಿರುಗಿತು. ಕೆಂಪು ದೀಪ ಹೋಯಿತು. ಹಸಿರು ದೀಪ ಬಂತು.

ಮಣ್ಣ ಮೇಲೆ ಇಟ್ಟಳು. ಗುಂಯ್ ಅಂದಿತು. ಡ್ರೋನ್ ಹಾರಿತು.

ಯಲಗೂರಪ್ಪ, ಚಂದ್ರವ್ವ ಇಬ್ಬರೂ ಓಡಿ ಬಂದರು. ಎಲ್ಲರೂ ಫೋನಿನೊಳಗೆ ಇಣುಕಿದರು. ಹಸಿರು. ಬರೀ ಹಸಿರು. ಇನ್ನೂ ಹಸಿರು. ಆಮೇಲೆ ಒಂದು ಬಿಳೀ ಚುಕ್ಕೆ. ಚುಕ್ಕೆ ಅಲುಗಲಿಲ್ಲ. ಫಕೀರವ್ವ ಫೋನಿಗೆ ಮೂಗು ತಾಗಿಸಿ ನೋಡಿದಳು.

ಡ್ರೋನ್ ಕೆಳಗಿಳಿಯಿತು. ಗುಂಯ್ ಅನ್ನುವ ಸದ್ದಿಗೆ ಚುಕ್ಕೆ ಒಂದು ಕಿವಿ ಅಲ್ಲಾಡಿಸಿತು.

"ಐತಿ" ಅಂದಳು ಫಕೀರವ್ವ. "ಜೀವ ಐತಿ."

ಡ್ರೋನ್ ಮರಿಯ ನೆತ್ತಿಯ ಮೇಲೇ ನಿಂತಿತು. ಅದರ ಗುಂಯ್ ಹಿಡಿದು ಎಲ್ಲರೂ ಕಬ್ಬಿನೊಳಗೆ ನಡೆದರು. ಈಗ ಫಕೀರವ್ವ ಮುಂದೆ ಇರಲಿಲ್ಲ. ಆಡು ಮುಂದೆ, ಫಕೀರವ್ವ ಹಿಂದೆ, ಮೌಲಾ ಅವಳ ಹಿಂದೆ, ಯಲಗೂರಪ್ಪ ಅವನ ಹಿಂದೆ, ಚಂದ್ರವ್ವ ಎಲ್ಲರಿಗಿಂತ ಹಿಂದೆ.

ಬೆಣ್ಣಿ ಒಂದು ಸಾಲಿನೊಳಗೆ ಮುದುಡಿ ಮಲಗಿತ್ತು. ಅಳುಕುತ್ತ ಎದ್ದಿತು. ಒಂದೇ ಜಿಗಿತ. ಅವ್ವನ ಹೊಟ್ಟೆಯ ಕೆಳಗೆ ಹೋಗಿ ಬಾಯಿ ಹಾಕಿತು. ಬಾಲ ಪಟಪಟ ಪಟಪಟ. ಫಕೀರವ್ವ ಅಲ್ಲೇ ಮಣ್ಣಿನಲ್ಲಿ ಕೂತು ಅತ್ತಳು, ನಕ್ಕಳು.

ಮರಿ ಸಿಕ್ಕಿತು ನೋಡಿ, ಎಲ್ಲರಿಗೂ ಬಾಯಿ ಬಂತು.

"ಹುಡುಕಿದಾಂವ ನಾ" ಅಂದಿತು ಡ್ರೋನ್.
"ಹಾರಿಸಿದಾಂವ ನಾ" ಅಂದಿತು ಬ್ಯಾಟರಿ.
"ಪಾಠ ತಂದಾಂವ ನಾ" ಅಂದಿತು ಫೋನ್.
"ಜಾಗ ಮಾಡಿದಾಂವ ನಾ" ಅಂತ ಅಂಗಡಿಯಿಂದಲೇ ಕೂಗಿತು ಕಂಪ್ಯೂಟರ್.
"ಕಂಬ ಹತ್ತಿದಾಂವ ನಾ" ಅಂದ ಯಲಗೂರಪ್ಪ.
"ಚಾ ಮಾಡಿದಾಕಿ ನಾ" ಅಂದಳು ಚಂದ್ರವ್ವ.

ಫಕೀರವ್ವ ಆಡಿನ ಕಡೆ ನೋಡಿದಳು. "ನೀ ಏನಂತೀ ನನ್ನವ್ವಾ?"

ಆಡಿಗೆ ಕೇಳಿಸಲೇ ಇಲ್ಲ. ಮರಿಯ ಮೈ ನೆಕ್ಕುವುದರಲ್ಲಿತ್ತು. ಒಂದು ಕಿವಿ ಮುಗಿದಿತ್ತು, ಇನ್ನೊಂದು ಕಿವಿ ಬಾಕಿ ಇತ್ತು.

ಅವರು ಕಬ್ಬಿನಿಂದ ಮನೆಗೆ ಹೋದರು, ನಾವು ಕಥೆಯಿಂದ ಮನೆಗೆ ಬಂದೆವು. ಏಳ್ರಿ ಇನ್ನು, ಒಳಗೆ ನಿಮ್ಮವ್ವ ಊಟಕ್ಕೆ ಕರೀತಿದ್ದಾಳೆ.